ತುಂಗಭದ್ರೆಯ ಪಾತ್ರವೂ ಅದರ ಜಲಮೂಲವೂ

ನದಿಯೊಂದರ ವರ್ಣನೆಯನ್ನು ಉಗಮದಲ್ಲಿ ಮೊದಲುಮಾಡಿ ಸಂಗಮದಲ್ಲಿ ಮುಗಿಸುವುದು ವಾಡಿಕೆ. ನಡುವೆ ಸಿಕ್ಕುವ ಊರುಗಳನ್ನೂ ಕ್ಷೇತ್ರಗಳನ್ನೂ ಉಪನದಿಗಳನ್ನೂ ಕ್ರಮವಾಗಿ ಎಣಿಸಿದರೆ ಆ ನದಿಯ ಪರಿಚಯವಾಯಿತೆಂದು ಭಾವಿಸುವುದುಂಟು. ತುಂಗಭದ್ರೆಯ ವಿಷಯದಲ್ಲಿ ಇಷ್ಟು ಸಾಲದು. ಇದರ ನೀಳವಿರುವುದು ಒಂದು ಕಡೆ, ನೀರಿರುವುದು ಮತ್ತೊಂದು ಕಡೆ. ಹುಟ್ಟಿನಿಂದ ಕೃಷ್ಣೆಯನ್ನು ಕೂಡುವವರೆಗೆ ತುಂಗೆಯ ದಾರಿಯಿಂದ ಅಳೆದರೆ ಈ ನದಿಯು ಸುಮಾರು ೬೭೮ ಕಿಲೋಮೀಟರು ಹರಿಯುವುದು. ಅದು ನೀರನ್ನು ಸಂಪಾದಿಸುವ ಪ್ರದೇಶವಾದರೋ ಘಟ್ಟದ ನೆತ್ತಿಯನ್ನು ಅನುಸರಿಸಿದ ಒಂದು ಕಿರಿದಾದ ಪಟ್ಟಿ. ಉಳಿದ ಪಯಣವೆಲ್ಲ ಆ ಸಂಪಾದನೆಯ ವ್ಯಯವೇ ಸರಿ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ನದಿಯ ಪಾತ್ರ, ಅದರ ದಡಗಳ ಚರಿತ್ರೆ, ಅದರ ನೀರಿಗಾಗಿ ನಡೆದ ವ್ಯಾಜ್ಯಗಳು, ಈಗ ಅದರ ಜಲಾಶಯಕ್ಕೆ ಒದಗಿರುವ ತೊಂದರೆ, ಇವೆಲ್ಲವೂ ಒಂದಕ್ಕೊಂದು ಹೊಂದಿಕೊಂಡಿರುವುದು ತಿಳಿದುಬರುವುದು.

೧. ಉತ್ಪತ್ತಿ

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಕುದುರೆಮುಖದ ಬೆಟ್ಟಸಾಲಿಗೆ ಸೇರಿದಂತೆ, ವರಾಹಪರ್ವತವೆಂಬ ಭಾಗವಿರುವುದು. ಅಲ್ಲಿಯ ಗಂಗಾಮೂಲವೆಂಬ ಎಡೆಯಲ್ಲಿ ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುವುವೆಂದು ಪ್ರಸಿದ್ಧಿ. ಹಿರಣ್ಯಾಕ್ಷನನ್ನು ಸಂಹರಿಸಿ ಬಳಲಿದ ವರಾಹಸ್ವಾಮಿಯು ಇಲ್ಲಿ ವಿಶ್ರಮಿಸಿಕೊಂಡಾಗ ಅವನ ಎರಡು ಕೋರೆಗಳಿಂದ ತುಂಗೆಯೂ ಭದ್ರೆಯೂ, ಕಣ್ಣುಗಳಿಂದ ನೇತ್ರಾವತಿಯೂ ಹೊರಟವೆಂದು ಸ್ಥಳಪುರಾಣವು ಹೇಳುವುದು. ಕಥೆಯು ಹೇಗೇ ಇರಲಿ, ಒಂದೇ ಮಲೆಯ ನೀರು ಎರಡು ಸಮುದ್ರಗಳಿಗೆ ಹಂಚಿಹೋಗುವುದನ್ನು ಅದು ಚೆನ್ನಾಗಿ ಗುರುತಿಸಿದೆ. ನೇತ್ರಾವತಿಯು ಪಶ್ಚಿಮಕ್ಕೆ ಇಳಿದು ಸುಮಾರು ನೂರು ಕಿಲೋಮೀಟರಿನ ಓಟದಲ್ಲಿಯೇ ಮಂಗಳೂರಿನ ಬಳಿ ಅರಬ್ಬಿ ಸಮುದ್ರವನ್ನು ಸೇರುವುದು. ಅದರ ಒಡಹುಟ್ಟುಗಳಾದ ತುಂಗಾಭದ್ರೆಗಳಾದರೋ ಪೂರ್ವಕ್ಕೆ ತಿರುಗಿ, ಕೃಷ್ಣೆಯೊಡನೆ ಕಲೆತು, ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ನಡೆದ ಮೇಲೆ ಬಂಗಾಳಕೊಲ್ಲಿಯನ್ನು ಕಾಣುವುವು.

ಪಶ್ಚಿಮ ಸಮುದ್ರವು ಗಂಗಾಮೂಲಕ್ಕೆ ನೇರವಾಗಿ ಐವತ್ತು ಕಿಲೋಮೀಟರಿಗಿಂತ ದೂರದಲ್ಲಿಲ್ಲ. ಹೀಗಿರುವಾಗ ಈ ಎರಡು ನದಿಗಳು ಹತ್ತಿರದ ಕಡಲನ್ನು ಬಿಟ್ಟು ದೂರದ ಕಡಲನ್ನು ಅರಸಿಕೊಂಡು ಹೋಗುವುದೇಕೆಂಬ ಪ್ರಶ್ನೆ ಸಹಜವಾಗಿಯೇ ಏಳುವುದು. ಇದಕ್ಕೆ ಉತ್ತರವು ಭೂಮಿಯ ಪ್ರಾಚೀನ ಚರಿತ್ರೆಯಲ್ಲಿದೆ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ದಕ್ಷಿಣ ಭಾರತದ ಪಶ್ಚಿಮಭಾಗದಿಂದ ಸೀಳಿ ಬೇರ್ಪಟ್ಟಿತು. ಸೀಳಿದ ಅಂಚು ಮೇಲೆದ್ದು, ಪ್ರಸ್ಥಭೂಮಿಯು ಒಟ್ಟಿನಲ್ಲಿ ಪೂರ್ವಕ್ಕೆ ಬಾಗಿನಿಂತಿತು. ಮೊರವನ್ನು ಒಂದು ಕಡೆ ಎತ್ತಿಹಿಡಿದಂತೆ ಎಂದರೆ ತಪ್ಪಾಗದು. ಆದುದರಿಂದ ಘಟ್ಟದ ನೆತ್ತಿಯಿಂದ ಒಂದು ಹೆಜ್ಜೆ ಈಚೆಗೆ ಬಿದ್ದ ಹನಿಯೂ ಪೂರ್ವದ ಇಳಿಜಾರನ್ನೇ ಹಿಡಿಯಬೇಕಾಗಿದೆ. ಪಶ್ಚಿಮದ ಮುಖವು ಕಡಿದಾದ ಗೋಡೆ, ಪೂರ್ವದ ಮುಖವು ನಿಧಾನವಾದ ಇಳುಕಲು. ಪಶ್ಚಿಮದ ಹೊಳೆಗಳು ರಭಸವಾಗಿ ಬಿದ್ದು ಬೇಗ ಮುಗಿಯುವುದಕ್ಕೂ ಪೂರ್ವದ ನದಿಗಳು ನೀಳವಾಗಿ ಸುತ್ತುವುದಕ್ಕೂ ಇದೇ ಕಾರಣ.

೨. ಮಳೆಯ ಪಟ್ಟಿ

ಈ ಗೋಡೆಯೇ ಮಳೆಯನ್ನೂ ಹಂಚುವುದು. ಜೂನ್ ತಿಂಗಳಲ್ಲಿ ನೈಋತ್ಯದಿಂದ ಬೀಸುವ ಮುಂಗಾರು ಗಾಳಿಯು ಕಡಲಿನ ತೇವವನ್ನು ಹೊತ್ತು ಘಟ್ಟಕ್ಕೆ ತಗುಲಿ ಮೇಲೇರಿ ತಣ್ಣಗಾಗಿ, ತನ್ನ ಹೊರೆಯಲ್ಲಿ ಹೆಚ್ಚು ಪಾಲನ್ನು ನೆತ್ತಿಯ ಸುತ್ತಮುತ್ತಲೇ ಇಳಿಸಿಬಿಡುವುದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕ ಮಳೆಯಾಗುವುದು. ಅಲ್ಲಿಂದ ಈಶಾನ್ಯಕ್ಕೆ ನೇರವಾಗಿ ಎಪ್ಪತ್ತು ಕಿಲೋಮೀಟರು ಬಂದರೆ ಶಿವಮೊಗ್ಗ. ಅಲ್ಲಿ ಆಗುಂಬೆಯ ಮಳೆಯ ಏಳರಲ್ಲೊಂದು ಭಾಗವೂ ಬೀಳುವುದು ಕಷ್ಟ. ಇನ್ನೂ ಮುಂದೆ ಬಳ್ಳಾರಿಯ ಕಡೆ ಸುಮಾರು ೫೦೦ ಮಿಲಿಮೀಟರಾದರೆ ಅದೇ ಸಂತೃಪ್ತಿ. ಒಂದೇ ನದಿಯ ದಡದಲ್ಲಿರುವ ಒಬ್ಬ ರೈತನು ಅಡಕೆಯ ತೋಟಕ್ಕೆ ನೀರು ಹೆಚ್ಚಾಯಿತೆಂದು ಬಸಿಗಾಲುವೆಯನ್ನು ತೋಡುವಾಗ, ಅದೇ ವಾರದಲ್ಲಿ ಕೆಳಗಿನ ಇನ್ನೊಬ್ಬನು ಜೋಳದ ಬಿತ್ತನೆಗೆ ಮೋಡವನ್ನು ನೋಡುತ್ತಿರುವನು.

ನೆತ್ತಿಯ ಮೇಲಣ ಹುಲ್ಲುಗಾವಲುಗಳೂ ಅವುಗಳ ಕಣಿವೆಗಳಲ್ಲಿ ಅಡಗಿರುವ ಶೋಲೆಯ ಕಾಡುಗಳೂ ಈ ಮಳೆಯಲ್ಲಿ ಒಂದಂಶವನ್ನು ಮಣ್ಣಿನೊಳಕ್ಕೆ ಇಳಿಸಿಕೊಂಡು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಸಣ್ಣ ಒರತೆಗಳಾಗಿ ಬಿಡುತ್ತಿರುವುವು. ಬೇಸಗೆಯಲ್ಲಿ ಶೃಂಗೇರಿಯ ಬಳಿ ತುಂಗೆಯು ತಿಳಿಯಾಗಿ ಹರಿಯುವುದು ಈ ಒರತೆಗಳ ಬಲದಿಂದ. ‘ಗಂಗಾಸ್ನಾನ, ತುಂಗಾಪಾನ’ ಎಂಬ ಗಾದೆಯು ಹೊಗಳುವ ನೀರು ಇದೇ.

೩. ತುಂಗೆಯೂ ಭದ್ರೆಯೂ

ತುಂಗೆಯು ಗಂಗಾಮೂಲದಿಂದ ಉತ್ತರಾಭಿಮುಖವಾಗಿ ಹೊರಟು ಶೃಂಗೇರಿಯನ್ನೂ ಹರಿಹರಪುರವನ್ನೂ ಹಾದು ತೀರ್ಥಹಳ್ಳಿಗೆ ಬರುವುದು. ಆಗುಂಬೆಯ ಕಡೆಯ ನೀರನ್ನು ಮಾಲತಿಯೆಂಬ ಹೊಳೆಯು ಇದಕ್ಕೆ ತಂದು ಸೇರಿಸುವುದು. ತೀರ್ಥಹಳ್ಳಿಯಿಂದ ಈಶಾನ್ಯಕ್ಕೆ ತಿರುಗಿ, ಹಕ್ಕಿಗಳ ನಡುಗಡ್ಡೆಗೆ ಹೆಸರಾದ ಮಂಡಗದ್ದೆಯನ್ನೂ ಗಾಜನೂರಿನ ಅಣೆಕಟ್ಟನ್ನೂ ದಾಟಿ ಶಿವಮೊಗ್ಗಕ್ಕೆ ಇಳಿಯುವುದು. ಇದರ ಒಟ್ಟು ನೀಳ ಸುಮಾರು ೧೪೭ ಕಿಲೋಮೀಟರು.

ಭದ್ರೆಯು ಮೊದಲು ಪೂರ್ವಕ್ಕೆ ನಡೆದು ಕಳಸ, ಬಾಳೆಹೊನ್ನೂರು, ಖಾಂಡ್ಯಗಳ ಮೂಲಕ ಬಂದು, ಅನಂತರ ಉತ್ತರಕ್ಕೆ ಬಾಗಿ, ಬಾಬಾಬುಡನ್ ಗಿರಿಯ ಪಶ್ಚಿಮದ ಇಳುಕಲಿನ ನೀರನ್ನು ತರುವ ಸೋಮವಾಹಿನಿಯನ್ನು ಕೂಡಿಸಿಕೊಳ್ಳುವುದು. ಲಕ್ಕವಳ್ಳಿಯಲ್ಲಿ ಇದಕ್ಕೆ ೧೯೬೦ರ ದಶಕದಲ್ಲಿ ಪೂರ್ಣಗೊಂಡ ಅಣೆಕಟ್ಟೆಯಿದೆ. ಅದರ ಜಲಾಶಯವು ಸುಮಾರು ೭೧ ಟಿ.ಎಂ.ಸಿ. ನೀರನ್ನು ಹಿಡಿಯುವುದು. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಅಲ್ಲಿಂದ ಕೆಳಗೆ, ೧೯೨೩ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿದ ಭದ್ರಾವತಿ. ಸುಮಾರು ೧೭೮ ಕಿಲೋಮೀಟರಿನ ಕೊನೆಯಲ್ಲಿ ಭದ್ರೆಯು ಶಿವಮೊಗ್ಗದ ಈಶಾನ್ಯಕ್ಕಿರುವ ಕೂಡಲಿಯಲ್ಲಿ ತುಂಗೆಯನ್ನು ಸೇರುವುದು.

ಎರಡು ನದಿಗಳೂ ಒಂದೇ ಬೆಟ್ಟದಲ್ಲಿ ಹುಟ್ಟಿ, ಬೇರೆ ಬೇರೆ ಕಣಿವೆಗಳನ್ನು ಸುತ್ತಿ, ಮಲೆನಾಡು ಮುಗಿಯುವ ಗಡಿಯಲ್ಲಿಯೇ ಒಂದಾಗುವುದನ್ನು ಗಮನಿಸಬೇಕು. ಕೂಡಲಿಯು ಬರಿಯ ಸಂಗಮಕ್ಷೇತ್ರವಲ್ಲ. ನದಿಯ ಸಂಪಾದನೆಯ ಕಾಲವು ಮುಗಿದು ವ್ಯಯದ ಕಾಲವು ಮೊದಲಾಗುವ ಮೇರೆಯೂ ಅದೇ ಆಗಿದೆ.

೪. ಬಯಲಿನ ನಡೆ ಮತ್ತು ಉಪನದಿಗಳು

ಕೂಡಲಿಯಿಂದ ಕೃಷ್ಣೆಯವರೆಗೆ ತುಂಗಭದ್ರೆಯ ನೀಳ ಸುಮಾರು ೫೩೧ ಕಿಲೋಮೀಟರು. ಮೊದಲ ಭಾಗದಲ್ಲಿ ಇದು ಉತ್ತರಕ್ಕೆ ಸಾಗಿ ಹೊನ್ನಾಳಿ, ಹರಿಹರಗಳನ್ನು ಮುಟ್ಟುವುದು. ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ. ಶ. ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರನ ದೇವಾಲಯವಿರುವುದು. ಸೂಳೆಕೆರೆಯಿಂದ ಬರುವ ಹರಿದ್ರೆಯು ಈ ಊರಿನ ಬಳಿ ನದಿಯನ್ನು ಸೇರುವುದು.

ಎಡದಡದಿಂದ ಬರುವ ಉಪನದಿಗಳಲ್ಲಿ ಕುಮುದ್ವತಿಯೂ ವರದೆಯೂ ಮುಖ್ಯವಾದುವು. ಕುಮುದ್ವತಿಯು ಹೊಸನಗರ ತಾಲ್ಲೂಕಿನ ಹುಂಚದ ಸಮೀಪದಲ್ಲಿ ಹುಟ್ಟಿ, ಶಿಕಾರಿಪುರದ ಸೀಮೆಯನ್ನು ಹಾದು, ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಕೂಡುವುದು. ವರದೆಯು ಸಾಗರ ತಾಲ್ಲೂಕಿನ ಇಕ್ಕೇರಿಯ ಬಳಿಯ ವರದಾಮೂಲದಿಂದ ಹೊರಟು, ಕದಂಬರ ರಾಜಧಾನಿಯಾಗಿದ್ದ ಬನವಾಸಿಯನ್ನು ಬಳಸಿ, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ಸಂಗಮಿಸುವುದು. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರ ‘ಗಳಗನಾಥ’ ಎಂಬ ಕಾವ್ಯನಾಮವು ಈ ಊರಿನಿಂದ ಬಂದುದು. ಸಾಗರದ ಸೀಮೆಯಲ್ಲಿಯೇ ಹರಿಯುವ ಶರಾವತಿಯು ಪಶ್ಚಿಮಕ್ಕೆ ತಿರುಗಿ ಜೋಗದಲ್ಲಿ ಧುಮುಕಿದರೆ, ವರದೆಯು ಪೂರ್ವಕ್ಕೆ ತಿರುಗಿ ಬಯಲನ್ನು ಸೇರುವುದು. ಗಂಗಾಮೂಲದಲ್ಲಿ ನಡೆದ ವಿಭಾಗವೇ ಇಲ್ಲಿಯೂ ಮತ್ತೊಮ್ಮೆ ನಡೆದಿದೆ.

ಬಲದಡದ ದೊಡ್ಡ ಉಪನದಿಯಾದ ವೇದಾವತಿಯ ಕಥೆಯೇ ಬೇರೆ. ವೇದಾ, ಅವತಿ ಎಂಬೆರಡು ಹೊಳೆಗಳು ಬಾಬಾಬುಡನ್ ಗಿರಿಯ ಪೂರ್ವದ ಮಗ್ಗುಲಲ್ಲಿ ಹುಟ್ಟಿ ಕಡೂರಿನ ಸೀಮೆಯಲ್ಲಿ ಒಂದಾಗಿ ವೇದಾವತಿಯೆನಿಸುವುವು. ಗಿರಿಯ ಪಶ್ಚಿಮದ ಮಗ್ಗುಲಿನ ಸೋಮವಾಹಿನಿಗೆ ದೊರೆಯುವ ಮಳೆಯು ಪೂರ್ವದ ಮಗ್ಗುಲಿಗೆ ದೊರೆಯದು. ಹಿರಿಯೂರಿನ ಮಾರಿಕಣಿವೆಯಲ್ಲಿ ಮೈಸೂರು ಸಂಸ್ಥಾನದವರು ೧೯೦೭ರಲ್ಲಿ ಮುಗಿಸಿದ ವಾಣಿವಿಲಾಸಸಾಗರವು ಈ ನದಿಯದು. ಅದು ೧೯೩೩ರಲ್ಲಿ ತುಂಬಿದ ಮೇಲೆ ಮತ್ತೆ ತುಂಬಿದುದು ೨೦೨೨ರಲ್ಲಿ. ಹಗರಿಯೆಂಬ ಹೆಸರಿನಿಂದ ಬಳ್ಳಾರಿಯ ಸೀಮೆಯಲ್ಲಿ ಹರಿದು ಸಿರುಗುಪ್ಪದ ಕಡೆ ತುಂಗಭದ್ರೆಯನ್ನು ಸೇರುವ ಹೊತ್ತಿಗೆ ಇದು ವರ್ಷದ ಬಹುಭಾಗದಲ್ಲಿ ಅಗಲವಾದ ಮರಳಿನ ಹಾಸಾಗಿಯೇ ಕಾಣುವುದು. ಜಲಾನಯನದ ವಿಸ್ತಾರದಲ್ಲಿ ವೇದಾವತಿಯು ತುಂಗೆಯನ್ನೂ ಭದ್ರೆಯನ್ನೂ ಬಹುವಾಗಿ ಮೀರಿದೆ. ನೀರಿನಲ್ಲಿ ಅವುಗಳ ಹತ್ತಿರಕ್ಕೂ ಬಾರದು. ನದಿಯ ಬಲವನ್ನು ಅದರ ನೆಲದ ಅಗಲದಿಂದ ಅಳೆಯಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

೫. ಬಂಡೆಯ ನಾಡು

ಗಳಗನಾಥದಿಂದ ಮುಂದೆ ನದಿಯು ಈಶಾನ್ಯಕ್ಕೆ ಹರಿದು ಹೊಸಪೇಟೆಯನ್ನು ಸಮೀಪಿಸುವುದು. ಇಷ್ಟರವರೆಗೆ ಅದರ ಇಳಿಜಾರು ಬಹಳ ಕಡಮೆ. ಹೊಸಪೇಟೆಯಿಂದ ಕೆಳಗೆ ನೆಲವು ಒಮ್ಮೆಗೆ ಬದಲಾಗುವುದು. ಕಣಶಿಲೆಯ ದೊಡ್ಡ ದೊಡ್ಡ ಗುಂಡುಗಳು ಒಂದರಮೇಲೊಂದು ಹೇರಿದಂತೆ ನಿಂತ ಗುಡ್ಡಗಳ ನಡುವೆ ನದಿಯು ಅನೇಕ ಕವಲುಗಳಾಗಿ ಒಡೆದು, ಬಂಡೆಗಳ ಸಂದಿನಲ್ಲಿ ನುಗ್ಗಿ, ಹಂಪೆಯ ಚಕ್ರತೀರ್ಥದಲ್ಲಿ ಉತ್ತರಕ್ಕೆ ತಿರುಗುವುದು. ಶಿಲೆಯ ಬಿರುಕುಗಳು ಓಡುವ ದಿಕ್ಕಿನಲ್ಲಿಯೇ ನೀರೂ ಓಡಬೇಕಾಗಿರುವುದರಿಂದ ಇಲ್ಲಿ ನದಿಗೆ ತನ್ನ ಇಚ್ಛೆಯಂತೆ ಬಳುಕಲು ಎಡೆಯಿಲ್ಲ.

ಈ ಬಂಡೆಗಳು ದೋಣಿಗೆ ಶತ್ರುಗಳು. ಆದುದರಿಂದಲೇ ಇಲ್ಲಿ ಗುಂಡನೆಯ ಹರಿಗೋಲುಗಳು ರೂಢಿಗೆ ಬಂದುವು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸನಾದ ಡೊಮಿಂಗೊ ಪಾಯೆಸನು ಬುಟ್ಟಿಯಾಕಾರದ, ತೊಗಲು ಹೊದೆಸಿದ ಈ ದೋಣಿಗಳನ್ನು ಕಂಡು ಬರೆದಿರುವನು. ಇದೇ ಬಂಡೆಗಳು ಕಾಲುವೆಗೆ ಮಿತ್ರರು. ಎರಡು ಬಂಡೆಗಳ ನಡುವಣ ಕವಲಿಗೆ ಕಲ್ಲುಗಳನ್ನು ಒಟ್ಟಿ ತಗ್ಗಾದ ಕಟ್ಟೆಯನ್ನು ಹಾಕಿದರೆ, ನದಿಯನ್ನು ಪೂರ್ತಿಯಾಗಿ ತಡೆಯದೆ ಅದರ ಒಂದು ಪಾಲನ್ನು ಮಾತ್ರ ಪಕ್ಕಕ್ಕೆ ತಿರುಗಿಸಬಹುದು. ನೆರೆಯು ಬಂದಾಗ ನೀರು ಕಟ್ಟೆಯ ಮೇಲೆಯೇ ಹರಿದುಹೋಗುವುದು. ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ, ಬಸವಣ್ಣನ ಕಾಲುವೆ, ರಾಯಕಾಲುವೆ ಮೊದಲಾದುವು ಈ ವಿಧವಾದುವು. ಇವು ಇಂದಿಗೂ ಗದ್ದೆಗಳಿಗೂ ಬಾಳೆಯ ತೋಟಗಳಿಗೂ ನೀರುಣಿಸುತ್ತಿರುವುವು. ಮಳೆಯಿಲ್ಲದ ನೆಲದಲ್ಲಿ ಅಷ್ಟು ದೊಡ್ಡ ಪಟ್ಟಣವು ನಿಂತುದು ಹೇಗೆಂದು ಕೇಳಿದರೆ, ಮಲೆಯ ಮಳೆಯನ್ನು ಇನ್ನೂರೈವತ್ತು ಕಿಲೋಮೀಟರು ಕೆಳಗೆ ಹಿಡಿದುಕೊಂಡುದರಿಂದ ಎಂದೇ ಉತ್ತರ ಹೇಳಬೇಕು.

೬. ಎಡೆದೊರೆಯಿಂದ ಸಂಗಮದವರೆಗೆ

ಹಂಪೆಯ ಕೆಳಗೆ ನದಿಯು ಕಂಪ್ಲಿ, ಸಿರುಗುಪ್ಪಗಳ ಕರಿಯ ನೆಲವನ್ನು ಪ್ರವೇಶಿಸುವುದು. ಇದರ ಉತ್ತರಕ್ಕೂ ಕೃಷ್ಣೆಯ ದಕ್ಷಿಣಕ್ಕೂ ನಡುವೆ ಇರುವ ರಾಯಚೂರಿನ ಸೀಮೆಗೆ ಶಾಸನಗಳಲ್ಲಿ ಎಡೆದೊರೆನಾಡು ಎಂದು ಹೆಸರು. ಎರಡು ತೊರೆಗಳ ಎಡೆಯ ನಾಡೆಂಬುದೇ ಇದರ ಅರ್ಥ. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ಅನಂತರ ಬಿಜಾಪುರದವರೂ ಈ ನಾಡಿಗಾಗಿ ಹೋರಾಡಿದುದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ೧೮೦೦ರಿಂದ ಮುಂದೆ ನದಿಯೇ ಹೈದರಾಬಾದು ಸಂಸ್ಥಾನಕ್ಕೂ ಮದರಾಸು ಪ್ರಾಂತಕ್ಕೂ ಗಡಿಯಾಯಿತು.

ಕರ್ಣಾಟಕವನ್ನು ಬಿಡುವ ಮುನ್ನ ರಾಜೋಳಿಬಂಡೆಯಲ್ಲಿ ಒಂದು ತಿರುವುಕಟ್ಟೆಯಿದೆ. ರಾಘವೇಂದ್ರಸ್ವಾಮಿಗಳ ಬೃಂದಾವನವಿರುವ ಮಂತ್ರಾಲಯವು ಆಂಧ್ರಪ್ರದೇಶಕ್ಕೆ ಸೇರಿದ ಬಲದಡದಲ್ಲಿದೆ. ಅನಂತರ ಸುಂಕೇಶುಲದ ಕಟ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ತೋಡಿದ ಕರ್ನೂಲು ಕಡಪೆಯ ಕಾಲುವೆಯು ಹೊರಡುವುದು ಇಲ್ಲಿಂದ. ಶಿವಮೊಗ್ಗವು ಸಮುದ್ರಮಟ್ಟಕ್ಕೆ ಸುಮಾರು ೫೭೦ ಮೀಟರು ಎತ್ತರದಲ್ಲಿದ್ದರೆ ಕರ್ನೂಲು ಸುಮಾರು ೨೭೫ ಮೀಟರು ಮಾತ್ರ. ಕರ್ನೂಲನ್ನು ದಾಟಿ, ಬಾದಾಮಿ ಚಾಲುಕ್ಯರ ನವಬ್ರಹ್ಮ ದೇವಾಲಯಗಳಿರುವ ತೆಲಂಗಾಣದ ಆಲಂಪುರವನ್ನು ಎಡಕ್ಕೆ ಬಿಟ್ಟು, ನದಿಯು ಸಂಗಮೇಶ್ವರದ ಬಳಿ ಕೃಷ್ಣೆಯನ್ನು ಸೇರುವುದು. ಈಗ ಆ ಸಂಗಮವು ಶ್ರೀಶೈಲದ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದೆ. ಅಲ್ಲಿಯ ಹಳೆಯ ಗುಡಿಯು ಬೇಸಗೆಯಲ್ಲಿ ನೀರು ಇಳಿದಾಗ ಮಾತ್ರ ಕಾಣಿಸಿಕೊಳ್ಳುವುದು.

ಮಲೆಯೊಂದೇ ಈ ನದಿಗೆ ನೀರು ಕೊಡುವುದೆಂಬ ನಿಯಮಕ್ಕೆ ಅಪವಾದವೂ ಉಂಟು. ೨೦೦೯ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ, ಮುಂಗಾರು ಹಿಂದೆಗೆಯುವ ಹೊತ್ತಿನಲ್ಲಿ, ಒಣಸೀಮೆಯೆನಿಸಿದ ಉತ್ತರ ಕರ್ಣಾಟಕ ಮತ್ತು ರಾಯಲಸೀಮೆಗಳ ಮೇಲೆಯೇ ಅಪಾರವಾದ ಮಳೆ ಸುರಿದು, ಕರ್ನೂಲು ಪಟ್ಟಣವು ನೆರೆಯಲ್ಲಿ ಮುಳುಗಿತು. ಬಯಲಿನ ನೆರೆಯು ಅಪರೂಪವಾದುದರಿಂದಲೇ ಅದನ್ನು ಎದುರಿಸುವ ಅಭ್ಯಾಸವು ಅಲ್ಲಿಯವರಿಗೆ ಕಡಮೆ.

೭. ಜಲಾಶಯ ಮತ್ತು ಹೂಳು

ನಾಲ್ಕು ತಿಂಗಳಲ್ಲಿ ಬರುವ ನೀರನ್ನು ಹನ್ನೆರಡು ತಿಂಗಳಿಗೆ ಹಂಚಬೇಕಾದರೆ ಅದನ್ನು ಎಲ್ಲಿಯಾದರೂ ತಡೆದು ನಿಲ್ಲಿಸಬೇಕು. ಹಂಪೆಯ ತಗ್ಗುಕಟ್ಟೆಗಳು ಹರಿಯುವ ನೀರನ್ನು ತಿರುಗಿಸಬಲ್ಲುವಲ್ಲದೆ ಸಂಗ್ರಹಿಸಲಾರವು. ೧೯೪೪ರಲ್ಲಿ ಮದರಾಸು ಮತ್ತು ಹೈದರಾಬಾದು ಸರಕಾರಗಳು ಒಪ್ಪಂದಕ್ಕೆ ಬಂದು, ೧೯೪೫ರಲ್ಲಿ ಹೊಸಪೇಟೆಯ ಬಳಿ ದೊಡ್ಡ ಅಣೆಕಟ್ಟೆಗೆ ಅಡಿಗಲ್ಲನ್ನಿಟ್ಟುವು. ೧೯೫೩ರಲ್ಲಿ ನೀರು ನಿಂತಿತು. ಅದರ ನೀರಿನಲ್ಲಿ ಸುಮಾರು ತೊಂಬತ್ತು ಹಳ್ಳಿಗಳು ಮುಳುಗಿದುವು; ಅಲ್ಲಿಯ ಐವತ್ತು ಸಾವಿರಕ್ಕೂ ಹೆಚ್ಚು ಜನರು ಮನೆಮಠಗಳನ್ನು ಬಿಟ್ಟು ಬೇರೆಡೆಗೆ ಹೋದರು. ಅದರ ಪ್ರತಿಫಲವಾಗಿ ರಾಯಚೂರು, ಕೊಪ್ಪಳ, ಬಳ್ಳಾರಿ, ಕರ್ನೂಲು, ಅನಂತಪುರಗಳ ಒಣನೆಲಕ್ಕೆ ಕಾಲುವೆಗಳು ಹರಿದುವು.

ಅಂದು ಜಲಾಶಯದ ಸಾಮರ್ಥ್ಯವು ಸುಮಾರು ೧೩೨ ಟಿ.ಎಂ.ಸಿ. ಆಗಿದ್ದಿತು. ೨೦೧೬ರ ಅಳತೆಯಂತೆ ಅದು ಸುಮಾರು ೧೦೫ ಟಿ.ಎಂ.ಸಿ.ಗೆ ಇಳಿದಿದೆ. ಐದರಲ್ಲೊಂದು ಭಾಗದ ಎಡೆಯನ್ನು ಹೂಳು ಆಕ್ರಮಿಸಿತೆಂದು ಅರ್ಥ. ಈ ಹೂಳು ಎಲ್ಲಿಯದೆಂಬುದನ್ನು ವಿಚಾರಿಸಬೇಕು. ಕಾಡು ಹೊದ್ದ ಇಳುಕಲಿನಿಂದ ನೀರು ತಿಳಿಯಾಗಿಯೇ ಇಳಿಯುವುದು. ಅಲ್ಲದೆ ಭದ್ರೆಯ ಮೇಲುಭಾಗದ ಕೆಸರು ಲಕ್ಕವಳ್ಳಿಯ ಜಲಾಶಯದಲ್ಲಿಯೇ ಬಹುಮಟ್ಟಿಗೆ ತಂಗುವುದು. ಮಳೆಯ ಮೊದಲ ಹೊಡೆತಕ್ಕೆ ಬರಿಯ ಮೈಯೊಡ್ಡಿಕೊಂಡಿರುವ ಉತ್ತ ಹೊಲಗಳ ಮಣ್ಣು ಹಳ್ಳಗಳ ಮೂಲಕ ನದಿಗೆ ಬೀಳುವುದು. ಆದುದರಿಂದ ನೀರು ಮಲೆಯದು, ಹೂಳಿನ ಬಹುಪಾಲು ಬಯಲಿನದು ಎಂದು ಸ್ಥೂಲವಾಗಿ ಹೇಳಬಹುದು. ಮಲೆಯ ಮೈಯನ್ನು ಕೆದಕಿದರೆ ಅದೂ ಹೂಳನ್ನು ಕೊಡದಿರದು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯಿಂದ ಮಳೆಗಾಲದಲ್ಲಿ ಭದ್ರೆಗೆ ಅಪಾರವಾಗಿ ಕೆಂಪುಮಣ್ಣು ಸೇರುತ್ತಿದ್ದಿತು. ಸರ್ವೋಚ್ಚ ನ್ಯಾಯಾಲಯದ ೨೦೦೨ರ ಆದೇಶದಂತೆ ೨೦೦೫ರ ಕೊನೆಯಲ್ಲಿ ಆ ಗಣಿಗಾರಿಕೆಯು ನಿಂತಿತು.

ಸಾಮರ್ಥ್ಯವು ಕುಗ್ಗಿದುದರ ಪರಿಣಾಮವು ವಿಚಿತ್ರವಾದುದು. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಜಲಾಶಯವು ಬೇಗ ತುಂಬಿ, ಮಿಕ್ಕ ನೀರು ಬಾಗಿಲುಗಳ ಮೂಲಕ ಕೆಳಗೆ ಹೋಗುವುದು; ಬೇಸಗೆಯ ಬೆಳೆಗೆ ಬೇಕಾದಾಗ ನೀರು ಇರದು. ೨೦೨೪ರ ಆಗಸ್ಟ್ ೧೦ರ ರಾತ್ರಿ, ಅಣೆಕಟ್ಟೆಯ ಮೂವತ್ತಮೂರು ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು ಆ ಬಾಗಿಲು ಕೊಚ್ಚಿಹೋಯಿತು. ತಾತ್ಕಾಲಿಕವಾದ ತಡೆಯನ್ನು ಇಳಿಸುವವರೆಗೆ ಸಂಗ್ರಹದ ಒಂದು ದೊಡ್ಡ ಭಾಗವು ನದಿಯ ಪಾಲಾಯಿತು. ಆದರೂ ಆ ವರ್ಷ ಜಲಾಶಯವು ಮತ್ತೆ ತುಂಬಿತು. ಮಲೆಯ ಮೇಲೆ ಮುಂಗಾರು ಇನ್ನೂ ಮುಗಿದಿರಲಿಲ್ಲವಾದುದೇ ಇದಕ್ಕೆ ಕಾರಣ. ಇದೇ ಅಪಘಾತವು ನವೆಂಬರಿನಲ್ಲಿ ಸಂಭವಿಸಿದ್ದರೆ ಮರುಪೂರಣಕ್ಕೆ ಮುಂದಿನ ಜೂನಿನವರೆಗೆ ಕಾಯಬೇಕಾಗುತ್ತಿದ್ದಿತು.

೮. ಉಪಸಂಹಾರ

ಮೇಲಣ ವಿವರಗಳಿಂದ ತಿಳಿದುಬರುವ ಸಾರಾಂಶವಿಷ್ಟು. ತುಂಗಭದ್ರೆಯ ಜಲಾನಯನವು ಸುಮಾರು ೭೧,೦೦೦ ಚದರ ಕಿಲೋಮೀಟರಾದರೂ, ಅದನ್ನು ನಿಜವಾಗಿ ನಡೆಸುತ್ತಿರುವುದು ಘಟ್ಟದ ಬೆನ್ನಿನ ಕಿರಿಯ ಪಟ್ಟಿ. ಆ ಪಟ್ಟಿಯ ನೀರಿಗೆ ಹಕ್ಕುದಾರರು ಹೆಚ್ಚುತ್ತಲೇ ಇರುವರು. ೧೮೯೨ರಲ್ಲಿ ಮೈಸೂರು ಮತ್ತು ಮದರಾಸು ಸರಕಾರಗಳು ಮಾಡಿಕೊಂಡ ಒಪ್ಪಂದದಿಂದ ಮೊದಲುಗೊಂಡು, ೧೯೬೯ರಲ್ಲಿ ನೇಮಕವಾದ ಕೃಷ್ಣಾ ಜಲವಿವಾದದ ನ್ಯಾಯಮಂಡಳಿಯವರೆಗೆ ನಡೆದುದೆಲ್ಲ ಈ ಒಂದೇ ಆದಾಯದ ಹಂಚಿಕೆ. ಭದ್ರಾ ಮೇಲ್ದಂಡೆ ಯೋಜನೆಯು ತುಂಗೆಯಿಂದ ೧೭.೪ ಟಿ.ಎಂ.ಸಿ. ನೀರನ್ನು ಭದ್ರೆಗೆತ್ತಿ, ಭದ್ರೆಯಿಂದ ೨೯.೯ ಟಿ.ಎಂ.ಸಿ. ನೀರನ್ನು ಚಿತ್ರದುರ್ಗ, ತುಮಕೂರುಗಳ ಕಡೆಗೆ ಒಯ್ಯಲು ಉದ್ದೇಶಿಸಿದೆ. ಇದರಿಂದ ಪ್ರಕೃತಿಯು ವೇದಾವತಿಯ ಸೀಮೆಗೆ ಕೊಡದಿದ್ದುದನ್ನು ಮನುಷ್ಯನು ಕೊಡುವಂತಾಗುವುದು. ಆದರೆ ಅಷ್ಟು ನೀರು ಹೊಸಪೇಟೆಗೆ ಇಳಿಯುವ ದಾರಿಯಿಂದ ಬೇರ್ಪಡುವುದೆಂಬುದೂ ಸತ್ಯ. ಕಾಲುವೆಗಳನ್ನು ಹೆಚ್ಚಿಸಬಹುದು, ಬಾಗಿಲುಗಳನ್ನು ಬದಲಾಯಿಸಬಹುದು, ಪಾಲನ್ನು ಮತ್ತೆ ಮತ್ತೆ ಹಂಚಬಹುದು. ನೀರಿನ ಮೊತ್ತವನ್ನು ಮಾತ್ರ ಬಯಲಿನಲ್ಲಿ ಕುಳಿತು ಹೆಚ್ಚಿಸಲಾಗದು. ಬಯಲಿನವರ ಕೈಯಲ್ಲಿರುವ ಕೆಲಸವೆಂದರೆ ಹೊಲಗಳಿಗೆ ಬದುಗಳನ್ನು ಹಾಕಿ ಮಣ್ಣನ್ನು ತಡೆಯುವುದು. ಮಲೆಯವರ ಕೈಯಲ್ಲಿರುವ ಕೆಲಸವೆಂದರೆ ಗಂಗಾಮೂಲದ ಸುತ್ತಣ ಹುಲ್ಲನ್ನೂ ಕಾಡನ್ನೂ ಇದ್ದಂತೆ ಇರಗೊಡಿಸುವುದು. ಇವೆರಡರಲ್ಲಿ ಒಂದು ತಪ್ಪಿದರೂ ಅದರ ಲೆಕ್ಕವು ಕಾಲುವೆಯ ಕೊನೆಯಲ್ಲಿರುವ ರಾಯಚೂರಿನ ರೈತನ ಗದ್ದೆಯಲ್ಲಿ ತೀರುವುದು.